ನಕ್ಷತ್ರಗಳಿಗೆ ಬರೆಯುವ ಶಾಸನ

ಅನ್ಯಗ್ರಹದವರು ಎಂದೋ ಭೂಮಿಗೆ ಬಂದು ಹೋಗಿದ್ದಾರೆ, ನಮ್ಮ ಹಳೆಯ ಗುಡಿಗಳೇ ಅದಕ್ಕೆ ಸಾಕ್ಷಿ ಎಂಬ ಮಾತು ಮೊಬೈಲಿನ ವಿಡಿಯೊಗಳಲ್ಲಿ ಓಡಾಡುತ್ತಿದೆ. ಇಂಥ ಕಲ್ಲನ್ನು ಮನುಷ್ಯ ಕೊರೆಯಲಾರ, ಗುಡಿಗೆ ‘ವಿಮಾನ’ ಎಂಬ ಹೆಸರಿರುವುದೇ ಪುರಾವೆ ಎನ್ನುತ್ತಾರೆ. ಬಾಗಲಕೋಟೆ ಜಿಲ್ಲೆಯಲ್ಲಿ ಈ ಮಾತಿಗೆ ನೆಲೆಯೇ ಇಲ್ಲ, ಏಕೆಂದರೆ ಇಲ್ಲಿ ಕಟ್ಟಿದವರು ತಮ್ಮ ಹೆಸರು ಬರೆದಿಟ್ಟು ಹೋಗಿದ್ದಾರೆ. ಬಾದಾಮಿಯ ಮೂರನೇ ಗುಹೆಯನ್ನು ಮಾಡಿಸಿದವನು ಚಾಲುಕ್ಯ ಮಂಗಳೇಶ. ಶಕ 500, ಅಂದರೆ ಕ್ರಿ.ಶ. 578 ಎಂದು ಕಾಲ ನಮೂದಿಸಿದ ಶಾಸನ ಆ ಗುಹೆಯಲ್ಲೇ ಇದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿ. ಇನ್ನು ವಿಮಾನ ಎಂಬುದು ವಾಸ್ತುವಿನಲ್ಲಿ ಗರ್ಭಗುಡಿಗೂ ಅದರ ಮೇಲೇಳುವ ಶಿಖರಕ್ಕೂ ಸಲ್ಲುವ ಪದ. ಹಾರಾಟಕ್ಕೂ ಅದಕ್ಕೂ ಸಂಬಂಧವಿಲ್ಲ. ಉಳಿ ಸುತ್ತಿಗೆ ಹಿಡಿದು ಮರಳುಗಲ್ಲಿನಲ್ಲಿ ಬದುಕು ಸವೆಸಿದವರ ಕೀರ್ತಿಯನ್ನು ಬೇರೆ ಲೋಕದವರಿಗೆ ಒಪ್ಪಿಸುವುದು ಆ ಕೈಗಳಿಗೆ ಮಾಡುವ ಅನ್ಯಾಯ.

ಅವರು ಬಂದಿಲ್ಲವಾದರೆ ನಾವೇ ಕರೆಯಬೇಕೆ? ಈ ಪ್ರಶ್ನೆ ಬಂದಾಗ ಕನ್ನಡಿಗರಲ್ಲಿ ಹಲವರು ಹೆಮ್ಮೆಯಿಂದ ಹೇಳುವುದುಂಟು: ಕನ್ನಡದ ಶುಭಾಶಯ ಆಗಲೇ ಬಾಹ್ಯಾಕಾಶಕ್ಕೆ ಹೋಗಿದೆ, ಯಾರಿಗಾದರೂ ತಲುಪಿಯೇ ತೀರುತ್ತದೆ. ಮೊದಲರ್ಧ ನಿಜ. 1977ರಲ್ಲಿ ಹಾರಿದ ಎರಡು ವೊಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ತಾಮ್ರದ ತಟ್ಟೆಗಳಿವೆ. ಕಾರ್ಲ್ ಸೇಗನ್ ನೇತೃತ್ವದ ಸಮಿತಿ ಅವುಗಳಲ್ಲಿ 55 ಭಾಷೆಗಳ ಶುಭಾಶಯ ಸೇರಿಸಿತು. ಶ್ರೀನಿವಾಸ ಕೆ. ಉಪಾಧ್ಯಾಯ ಅವರ ದನಿಯಲ್ಲಿ ಕನ್ನಡಿಗರ ಪರವಾಗಿ ಹೇಳಿದ ಚುಟುಕು ಹಾರೈಕೆಯೂ ಅಲ್ಲಿದೆ. ಆದರೆ ಈ ನೌಕೆಗಳನ್ನು ಯಾವ ನಕ್ಷತ್ರಕ್ಕೂ ಗುರಿಯಿಟ್ಟು ಕಳಿಸಿದ್ದಲ್ಲ. ವೊಯೇಜರ್ 1ರ ವೇಗ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್. ಬಾಗಲಕೋಟೆಯಿಂದ ಇಳಕಲ್ಲಿಗೆ ನೇರ ಗೆರೆ ಎಳೆದರೆ ಮೂರು ನಾಲ್ಕು ಸೆಕೆಂಡಿನ ದಾರಿ. ಆ ಓಟದಲ್ಲೂ ಅದು ಇನ್ನೊಂದು ನಕ್ಷತ್ರದ ಬಳಿ ಸುಳಿಯಲು ಸುಮಾರು 40,000 ವರ್ಷ ಬೇಕು. ಸುಳಿದಾಗಲೂ ಒಂದೂವರೆ ಜ್ಯೋತಿರ್ವರ್ಷಕ್ಕಿಂತ ಹೆಚ್ಚು ದೂರದಲ್ಲಿರುತ್ತದೆ. ಅದನ್ನು ಸಂಪರ್ಕ ಎನ್ನಲಾಗದು, ಕನ್ನಡದ ದನಿಯೊಂದು ಆ ದಾರಿಯಲ್ಲಿದೆ ಎಂಬುದು ಮನಸ್ಸಿಗೆ ಎಷ್ಟೇ ಹಿತವಾದರೂ.

ರೇಡಿಯೊ ಬೆಳಕಿನ ವೇಗದಲ್ಲಿ ಹೋಗುತ್ತದಲ್ಲ ಎನ್ನಬಹುದು. 1974ರ ನವೆಂಬರ್ 16ರಂದು ಫ್ರಾಂಕ್ ಡ್ರೇಕ್ ಮತ್ತು ಸಂಗಡಿಗರು ಪೋರ್ಟೊರಿಕೊದ ಅರೆಸಿಬೊ ದೂರದರ್ಶಕದಿಂದ ಎಂ13 ಎಂಬ ನಕ್ಷತ್ರಗುಚ್ಛದತ್ತ 1,679 ಬಿಟ್‌ಗಳ ಸಂದೇಶ ಕಳಿಸಿದರು. ಕಳಿಸಲು ಹಿಡಿದದ್ದು ಮೂರು ನಿಮಿಷಕ್ಕಿಂತ ಕಡಿಮೆ. ತಲುಪಲು ಬೇಕಾದದ್ದು ಸುಮಾರು 25,000 ವರ್ಷ. ಮಂಗಳೇಶನ ಗುಹೆ ಮುಗಿದ ದಿನವೇ ಅತ್ತ ಹೊರಟ ಬೆಳಕು ಈ ಹೊತ್ತಿಗೆ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ದಾರಿ ಸವೆಸಿರುತ್ತಿತ್ತು, ಅಷ್ಟೇ. ಹಾಗಾಗಿ ಇದನ್ನು ಫೋನಿನ ಮಾತುಕತೆಯಂತೆ ಕಲ್ಪಿಸಿಕೊಳ್ಳುವುದೇ ಮೂಲ ತಪ್ಪು. ಇದು ಶಾಸನ ಕೆತ್ತಿಸುವ ಕೆಲಸ: ಬರೆಸುವವರು ಇಂದಿನವರು, ಓದುವವರು ಯಾರೋ, ಫಲ ಉಣ್ಣುವವರು ಮುಂದಿನವರು. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡಿಯಲ್ಲಿ ಕ್ರಿ.ಶ. 634ರಲ್ಲಿ ರವಿಕೀರ್ತಿ ಎರಡನೇ ಪುಲಕೇಶಿಯ ಗೆಲುವುಗಳನ್ನು ಸಂಸ್ಕೃತದಲ್ಲಿ, ಹಳೆಯ ಕನ್ನಡ ಲಿಪಿಯಲ್ಲಿ ಕೆತ್ತಿಸಿದ. ಅದೇ ನೆಲದ ಜನ, ಅದೇ ಲಿಪಿಯ ವಾರಸುದಾರರು. ಆದರೂ ಅದನ್ನು ಮತ್ತೆ ಓದಿ ಅಚ್ಚಿಗೆ ತರಲು 19ನೇ ಶತಮಾನದಲ್ಲಿ ಫ್ಲೀಟ್ ಅವರಂಥ ವಿದ್ವಾಂಸರು ಬೇಕಾದರು. ನಮ್ಮದೇ ಅಕ್ಷರ ನಮಗೇ ಮಸುಕಾಗುವುದಾದರೆ, ನಮ್ಮ ಇರವನ್ನೇ ಕಾಣದವರು ನಮ್ಮ ಸಂದೇಶದಲ್ಲಿ ಸ್ನೇಹವನ್ನೇ ಓದುತ್ತಾರೆ ಎಂದು ನೆಚ್ಚುವುದು ಹೇಗೆ?

ಇನ್ನೊಂದು ನಂಬಿಕೆ ವಿಜ್ಞಾನ ಬಲ್ಲವರಲ್ಲೂ ಇದೆ: ನಮ್ಮ ಟಿವಿ, ರೇಡಿಯೊ ಅಲೆಗಳು ದಶಕಗಳಿಂದ ಸೋರಿಹೋಗುತ್ತಿವೆ, ಇನ್ನು ಬಚ್ಚಿಟ್ಟುಕೊಳ್ಳುವುದೇನಿದೆ? ಅರೆಸಿಬೊ ಸಂದೇಶಕ್ಕೆ ಇಂಗ್ಲೆಂಡಿನ ಖಗೋಳವಿಜ್ಞಾನಿ ಮಾರ್ಟಿನ್ ರೈಲ್ ಆಕ್ಷೇಪಿಸಿದಾಗ ಬಂದ ಉತ್ತರವೂ ಇದೇ ಬಗೆಯದು. ಆದರೆ ದೂರ ಎರಡು ಪಟ್ಟಾದರೆ ಅಲೆಯ ಬಲ ನಾಲ್ಕರಲ್ಲಿ ಒಂದು ಪಾಲಿಗಿಳಿಯುತ್ತದೆ. ಎಲ್ಲ ದಿಕ್ಕಿಗೂ ಚೆದುರುವ ಟಿವಿ ಕಾರ್ಯಕ್ರಮವನ್ನು, ನಮ್ಮಲ್ಲಿರುವಂಥ ಉಪಕರಣವನ್ನೇ 4.2 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ನಕ್ಷತ್ರದ ಬಳಿ ಇಟ್ಟರೂ ಹಿಡಿಯಲಾಗದು. ಪ್ರಬಲ ರಾಡಾರ್ ಕಿರಣಗಳ ಮಾತು ಬೇರೆ, ಅವು ಬಹುದೂರ ಹೋಗಬಲ್ಲವು, ಒಪ್ಪಬೇಕು. ಆದರೂ ಕ್ಷುದ್ರಗ್ರಹದ ಕಡೆ ಬಿಟ್ಟ ಕಿರಣ ಆಕಸ್ಮಿಕವಾಗಿ ಆಚೆ ಜಾರುವುದಕ್ಕೂ, ಒಂದು ನಕ್ಷತ್ರವನ್ನೇ ಆರಿಸಿ ಮತ್ತೆ ಮತ್ತೆ ಕೂಗುವುದಕ್ಕೂ ಅಂತರವಿದೆ.

ಹಾಗಾದರೆ ಸ್ಟೀಫನ್ ಹಾಕಿಂಗ್ ಎಚ್ಚರಿಸಿದಂತೆ ಅನ್ಯಗ್ರಹದವರು ದಂಡೆತ್ತಿ ಬರುತ್ತಾರೆಯೇ? ಹತ್ತಿರದ ನಕ್ಷತ್ರದ ಪಯಣವೇ ಇಷ್ಟು ದುಬಾರಿಯಾಗಿರುವಾಗ ಆ ಚಿತ್ರ ಸಿನಿಮಾಕ್ಕೆ ಹೆಚ್ಚು ಹತ್ತಿರ. ನನ್ನ ಆತಂಕ ದಂಡಿನದ್ದಲ್ಲ, ಅಧಿಕಾರದ್ದು. 2017ರಲ್ಲಿ ನಾರ್ವೆಯ ಟ್ರಾಮ್ಸೊ ಬಳಿಯ ರಾಡಾರಿನಿಂದ, ಸ್ಪೇನಿನ ಸಂಗೀತೋತ್ಸವವೊಂದರ ಜೊತೆಗೂಡಿ, ಸುಮಾರು 12 ಜ್ಯೋತಿರ್ವರ್ಷ ದೂರದ ಲೂಟನ್ ನಕ್ಷತ್ರಕ್ಕೆ ಸಂದೇಶ ಕಳಿಸಲಾಯಿತು. ಅಲ್ಲಿ ಯಾರಾದರೂ ಇದ್ದು ಉತ್ತರಿಸಿದರೆ ಅದು 2040ರ ದಶಕದ ಆರಂಭಕ್ಕೇ ಬಂದೀತು. ಇಂದು ಇಳಕಲ್ಲಿನ ಶಾಲೆಯಲ್ಲಿ ಕೂತ ಮಗು ಆಗ ದುಡಿಯುವ ವಯಸ್ಸಿನಲ್ಲಿರುತ್ತದೆ. ಆ ಮಗುವಿನ ಪರವಾಗಿ ಮಾತಾಡುವ ಹಕ್ಕನ್ನು ಸಂಗೀತೋತ್ಸವಕ್ಕೆ ಕೊಟ್ಟವರು ಯಾರು? ವೊಯೇಜರಿನ ‘ಕನ್ನಡಿಗರ ಪರವಾಗಿ’ ಎಂಬ ಮಾತು ಯಾರಿಗೂ ಕೇಡು ಮಾಡದ ಪ್ರೀತಿಯ ಮಾತು. ಆದರೆ ಅದೇ ‘ಪರವಾಗಿ’ ಶಕ್ತಿಶಾಲಿ ರಾಡಾರಿನ ಬೆನ್ನೇರಿದಾಗ ಭಾರವಾಗುತ್ತದೆ. ಕಳಿಸಿದ ಸಂಕೇತವನ್ನು ಹಿಂದಕ್ಕೆ ಕರೆಯುವ ಉಪಾಯವಿಲ್ಲ.

ಎಲ್ಲರೂ ಕಿವಿಗೊಟ್ಟು ಕೂತರೆ ಮಾತು ಶುರುವಾಗುವುದು ಹೇಗೆ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಆದರೆ ರೇಡಿಯೊ ನಮ್ಮ ಕೈಗೆ ಬಂದು ನೂರು ಚಿಲ್ಲರೆ ವರ್ಷ. 1960ರಲ್ಲಿ ಇದೇ ಡ್ರೇಕ್ ಮೊದಲ ಬಾರಿ ಕಿವಿಗೊಟ್ಟಾಗಿನಿಂದ ಇಂದಿನವರೆಗೆ ಆಕಾಶದ ತೀರಾ ಸಣ್ಣ ಪಾಲನ್ನಷ್ಟೇ ಆಲಿಸಿದ್ದೇವೆ. ಬೇರೆ ಕಡೆ ರೇಡಿಯೊ ಬಲ್ಲವರಿದ್ದರೆ ಅವರು ನಮಗಿಂತ ಹಳಬರಾಗಿರುವ ಸಾಧ್ಯತೆಯೇ ಹೆಚ್ಚು. ಹೊಸಬರು ಮೊದಲು ಕೇಳಿಸಿಕೊಳ್ಳಬೇಕು. ಸೌರವ್ಯೂಹದಾಚೆ 5,000ಕ್ಕೂ ಹೆಚ್ಚು ಗ್ರಹಗಳು ಸಿಕ್ಕಿವೆ. ಅವುಗಳ ಗಾಳಿಯಲ್ಲಿ ಜೀವದ ಗುರುತು ಹುಡುಕಲು ಯಾರನ್ನೂ ಕೂಗಬೇಕಾಗಿಲ್ಲ. ಆಲಿಸೋಣ, ಹುಡುಕೋಣ, ದೇಶಗಳೆಲ್ಲ ಕೂತು ಒಪ್ಪುವವರೆಗೆ ಕೂಗದಿರೋಣ. 2015ರಲ್ಲಿ ಹಲವು ವಿಜ್ಞಾನಿಗಳು ಲಿಖಿತವಾಗಿ ಕೇಳಿಕೊಂಡದ್ದೂ ಜಗತ್ತಿನಾದ್ಯಂತ ಮೊದಲು ಚರ್ಚೆಯಾಗಲಿ ಎಂದೇ. ಸಂಕೇತ ಸಿಕ್ಕರೆ ಸಮಾಲೋಚನೆಯಿಲ್ಲದೆ ಉತ್ತರಿಸಬಾರದೆಂಬ 1989ರ ಘೋಷಣೆಯೊಂದಿದೆ. ಅದು ಕಾನೂನಲ್ಲ, ನಾವಾಗಿಯೇ ಮೊದಲು ಕೂಗುವುದನ್ನು ತಡೆಯುವ ಅಂತರರಾಷ್ಟ್ರೀಯ ಕಾನೂನು ಇಂದಿಗೂ ಒಂದೂ ಇಲ್ಲ.