ಮಕ್ಕಳ ಕೂಟವೂ ಹಿರಿಯರ ಮೌನವೂ

ಮಗು ಹುಟ್ಟುವಾಗಲೇ ಬಂಧುಗಳನ್ನು ಪಡೆದುಕೊಂಡು ಬರುತ್ತದೆ. ಗೆಳೆಯರನ್ನು ಹಾಗೆ ಪಡೆದು ಬರುವುದಿಲ್ಲ. ತಾಯಿ, ಅಜ್ಜಿ, ಸೋದರಮಾವ ಇವರೆಲ್ಲ ಕೇಳದೆಯೇ ದೊರೆತವರು. ಅತ್ತರೂ ಹಟ ಮಾಡಿದರೂ ಅವರು ಬಿಟ್ಟುಹೋಗುವವರಲ್ಲ. ಓರಗೆಯವರ ಲೋಕದ ಕಟ್ಟಳೆಯೇ ಬೇರೆ. ಸರದಿಗೆ ಕಾಯದವನನ್ನು ಅಲ್ಲಿ ಆಟಕ್ಕೆ ಸೇರಿಸುವವರಿಲ್ಲ. ಸೋತೊಡನೆ ಲಗೋರಿಯ ಕಲ್ಲುಗಳನ್ನು ಒದ್ದು ಮನೆಗೆ ಓಡುವವನನ್ನು ಮರುದಿನ ಕರೆಯುವವರಿಲ್ಲ. ಕೇಳಿಸಿಕೊಳ್ಳುವುದು, ಬಿಟ್ಟುಕೊಡುವುದು, ಮುನಿಸಿಕೊಂಡ ಮೇಲೆ ತಾನಾಗಿಯೇ ಹೋಗಿ ಮಾತನಾಡಿಸುವುದು, ಈ ವಿದ್ಯೆಗಳು ಓರಗೆಯವರ ನಡುವೆಯೇ ಕೈವಶವಾಗಬೇಕು. ನೀತಿಪದ್ಯಗಳಿಂದ ಅವು ಬರಲಾರವು. ಬಹುಕಾಲ ನೀತಿಪದ್ಯಗಳನ್ನೇ ಪಾಠ ಹೇಳಿದ ನನ್ನ ಬಾಯಲ್ಲಿ ಈ ಮಾತು ತುಸು ವಿಚಿತ್ರವೆನಿಸೀತು.

ಹಿಂದೆ ಇದಕ್ಕೆ ಪ್ರತ್ಯೇಕ ಏರ್ಪಾಡು ಬೇಕಿರಲಿಲ್ಲ. ತುಂಬಿದ ಮನೆಯಿತ್ತು, ಅಂಗಳವಿತ್ತು, ಕೊಯಿಲು ಮುಗಿದ ಗದ್ದೆಯಿತ್ತು. ಇಂದು ನಾನಿರುವ ನಂತೂರಿನ ಸ್ಥಿತಿಯನ್ನೇ ನೋಡಿ. ಉಡುಪಿಯ ಕಡೆಯ ಹೆದ್ದಾರಿಯೂ ಮೂಡುಬಿದಿರೆಯ ಕಡೆಯ ರಸ್ತೆಯೂ ಕೂಡುವ ವೃತ್ತವಿದು. ರಸ್ತೆ ದಾಟುವುದು ಹಿರಿಯರಿಗೇ ಪ್ರಯಾಸ. ಆಚೆಬದಿಯ ಗೆಳೆಯನ ಮನೆಗೆ ಎಂಟು ವರ್ಷದ ಮಗುವನ್ನು ಒಂಟಿಯಾಗಿ ಕಳುಹಿಸುವ ತಾಯಿ ಯಾರು? ಮಗು ಶಾಲೆಯ ವಾಹನದಿಂದ ಇಳಿಯುತ್ತದೆ, ಲಿಫ್ಟ್ ಏರುತ್ತದೆ, ಬಾಗಿಲು ಮುಚ್ಚುತ್ತದೆ, ಮೊಬೈಲು ತೆರೆಯುತ್ತದೆ. ತರಗತಿಯಲ್ಲಿ ನಲವತ್ತು ಮಂದಿ ಸಹಪಾಠಿಗಳಿಲ್ಲವೇ ಎಂದು ಕೇಳಬಹುದು. ನಲವತ್ತು ಮಂದಿಯ ನಡುವೆ ಮಾತುಗಾರ ಮುಂದೆ ಬರುತ್ತಾನೆ, ಸಂಕೋಚದ ಮಗು ಹಿಂದಿನ ಬೆಂಚಿನಲ್ಲಿ ಅಡಗುತ್ತದೆ. ನಾಲ್ಕೈದು ಮಂದಿಯ ಕೂಟದಲ್ಲಿ ಅಡಗುವುದಕ್ಕೂ ಎಡೆಯಿಲ್ಲ, ಅಬ್ಬರಿಸುವುದಕ್ಕೂ ಎಡೆಯಿಲ್ಲ. ಕಾಲ ಕಸಿದುಕೊಂಡುದನ್ನು ಈಗ ನಾವಾಗಿಯೇ ಏರ್ಪಡಿಸಿ ಕೊಡಬೇಕಾಗಿದೆ: ಒಂದು ಸಣ್ಣ ಕೂಟ, ಕೂಡಿ ಮಾಡುವ ಒಂದು ಕೆಲಸ, ಸಮೀಪದಲ್ಲೊಬ್ಬ ಹಿರಿಯ.

ಕೂಟವೆಂಬ ಈ ಮಾತು ನಮಗೆ ಹೊಸತಲ್ಲ. ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ ೧೯೩೮ರಲ್ಲಿಯೇ ಮಕ್ಕಳ ಕೂಟವನ್ನು ಕಟ್ಟಿದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ಕುಣಿತ, ನಾಟಕಗಳ ಮೂಲಕ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಆದರೆ ನನ್ನ ವಿಷಯಕ್ಕೆ ಅತ್ಯಂತ ಹತ್ತಿರದ ನಿದರ್ಶನ ಸಾಲಿಗ್ರಾಮದ್ದು. ಅಲ್ಲಿ ೧೯೭೫ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪರೂ ಎಚ್. ಶ್ರೀಧರ ಹಂದೆಯವರೂ ಯಕ್ಷಗಾನದ ಮಕ್ಕಳ ಮೇಳವನ್ನು ಆರಂಭಿಸಿದರು. ಕಲೆಯ ದೃಷ್ಟಿಯಿಂದ ಅದರ ಸಾಧನೆಯನ್ನು ಅನೇಕರು ಕೊಂಡಾಡಿದ್ದಾರೆ. ಮಕ್ಕಳು ಕೂಡಿ ಬಾಳುವುದನ್ನು ಕಲಿಯುವ ದೃಷ್ಟಿಯಿಂದ ಇಂಥ ಮೇಳವನ್ನು ನೋಡಿದವರು ಕಡಿಮೆ.

ಪಾಂಡವರ ಒಡ್ಡೋಲಗವೆಂದರೆ ಐವರು. ಒಬ್ಬ ಹೆಜ್ಜೆ ತಪ್ಪಿದರೆ ಐವರದ್ದೂ ತಪ್ಪಿದಂತೆ ಕಾಣುತ್ತದೆ. ಚುರುಕಾದ ಅರ್ಜುನನು ನಿಧಾನಿಯಾದ ಸಹದೇವನಿಗಾಗಿ ತಾಳದೊಳಗೇ ಕಾಯಬೇಕು. ಇನ್ನು ಅರ್ಥಗಾರಿಕೆ. ಎದುರಿನವನ ಮಾತನ್ನು ಕೇಳಿಸಿಕೊಳ್ಳದೆ ಉತ್ತರ ಕೊಡುವ ಉಪಾಯ ಅಲ್ಲಿಲ್ಲ. ಬಾಯಿಪಾಠ ಮಾಡಿ ಬಂದ ಹುಡುಗನೂ ಜೊತೆಗಾರ ಒಂದು ಮಾತು ಮರೆತಾಗ ಅವನನ್ನು ಎತ್ತಿ ನಿಲ್ಲಿಸಬೇಕಾಗುತ್ತದೆ, ಇಲ್ಲವಾದರೆ ಪ್ರಸಂಗವೇ ನಿಲ್ಲುತ್ತದೆ. ಆದರೂ ರಂಗಸ್ಥಳಕ್ಕಿಂತ ಹೆಚ್ಚಿನ ಪಾಠ ನಡೆಯುವುದು ಚೌಕಿಯಲ್ಲಿ. ಕನ್ನಡಿ ಒಂದು, ಮುಖಗಳು ಆರು. ಹತ್ತು ವರ್ಷದವನು ಏಳು ವರ್ಷದವನ ಕಾಲಿಗೆ ಗೆಜ್ಜೆ ಕಟ್ಟುತ್ತಿರುತ್ತಾನೆ. ಮನೆಯಲ್ಲಿ ತನ್ನ ಚಪ್ಪಲಿಯನ್ನೂ ಸರಿಯಾಗಿ ಇಡದ ಪೋರ ಅವನೇ ಇದ್ದಾನು.

ಈ ಗೆಜ್ಜೆ ಕಟ್ಟುವ ಕೆಲಸದ ಬೆಲೆಯನ್ನು ಒಂದು ವೈಜ್ಞಾನಿಕ ಪ್ರಯೋಗವೂ ತೋರಿಸಿಕೊಟ್ಟಿದೆ. ಅಮೆರಿಕದ ಮನೋವಿಜ್ಞಾನಿ ವಿಲಾರ್ಡ್ ಹಾರ್ಟಪ್ ಮತ್ತು ಅವರ ಸಂಗಡಿಗರು ೧೯೭೯ರಲ್ಲಿ ಪ್ರಕಟಿಸಿದ ಅಧ್ಯಯನವದು. ಇತರರೊಡನೆ ಬೆರೆಯದೆ ಒಂಟಿಯಾಗಿರುತ್ತಿದ್ದ, ಇನ್ನೂ ಶಾಲೆಗೆ ಸೇರದ ೨೪ ಮಕ್ಕಳನ್ನು ಅವರು ಆರಿಸಿಕೊಂಡರು. ಕೆಲವರಿಗೆ ತಮಗಿಂತ ಒಂದು ವರ್ಷಕ್ಕೂ ಮಿಕ್ಕಿ ಚಿಕ್ಕವರಾದ ಮಕ್ಕಳನ್ನೂ ಕೆಲವರಿಗೆ ಸಮವಯಸ್ಕರನ್ನೂ ಜೊತೆಮಾಡಿ ಹತ್ತು ಬಾರಿ ಆಡಲು ಬಿಟ್ಟರು. ಉಳಿದವರನ್ನು ಇದ್ದಂತೆಯೇ ಬಿಟ್ಟರು. ಹೆಚ್ಚಿನ ಪ್ರಯೋಜನವಾದುದು ಚಿಕ್ಕವರೊಡನೆ ಆಡಿದವರಿಗೆ. ತಮ್ಮ ತರಗತಿಗೆ ಮರಳಿದ ಮೇಲೂ ಅವರು ಇತರರೊಡನೆ ಮೊದಲಿಗಿಂತ ಬಹಳ ಹೆಚ್ಚಾಗಿ ಬೆರೆತರು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಸದಾ ಹಿಂದೆ ಉಳಿಯುವ ಮಗುವಿಗೆ ‘ನಡೆ, ಹೀಗೆ ಮಾಡೋಣ’ ಎಂದು ಹೇಳುವ ಅವಕಾಶ ಆ ಜೊತೆಯಲ್ಲಿ ಮೊದಲ ಬಾರಿಗೆ ಸಿಕ್ಕಿತು. ನಮ್ಮ ಹಳೆಯ ಅಂಗಳಗಳಲ್ಲಿ ಎಲ್ಲ ವಯಸ್ಸಿನವರೂ ಬೆರೆತಿರುತ್ತಿದ್ದರು. ವಯಸ್ಸಿಗೊಂದು ತರಗತಿಯೆಂದು ಸಾಲು ಹಿಡಿದು ಕೂರಿಸಿದವರು ನಾವು.

ಹಿರಿಯನ ಪಾತ್ರವೇನು? ಇಲ್ಲಿಯೇ ಬಹುಮಂದಿ ಎಡವುವುದು. ೧೯೩೦ರ ದಶಕದ ಕೊನೆಯಲ್ಲಿ ಕರ್ಟ್ ಲೆವಿನ್ ಎಂಬ ವಿದ್ವಾಂಸರೂ ಅವರ ಸಹೋದ್ಯೋಗಿಗಳೂ ಅಮೆರಿಕದ ಅಯೋವಾದಲ್ಲಿ ಸುಮಾರು ಹತ್ತು ವರ್ಷದ ಮಕ್ಕಳ ಐವರೈವರ ಸಂಘಗಳನ್ನು ಕಟ್ಟಿ, ಮುಖವಾಡ ಮಾಡುವಂಥ ಕೈಗೆಲಸಗಳನ್ನು ಅವರಿಗೆ ಕೊಟ್ಟು ನೋಡಿದರು. ಒಂದು ಬಗೆಯ ನಾಯಕ ಪ್ರತಿ ಹೆಜ್ಜೆಯನ್ನೂ ಆಜ್ಞಾಪಿಸಿದ; ಇನ್ನೊಂದು ಬಗೆಯವನು ಮಕ್ಕಳೊಡನೆ ಕುಳಿತು ಚರ್ಚಿಸಿ ಅವರಿಂದಲೇ ತೀರ್ಮಾನ ಮಾಡಿಸಿದ; ಮೂರನೆಯ ಬಗೆಯವನು ಏನೂ ಮಾಡದೆ ಸುಮ್ಮನಿದ್ದ. ಆಜ್ಞಾಪಿಸುವವನು ಕೋಣೆಯಿಂದ ಹೊರಗೆ ಹೋದೊಡನೆ ಕೆಲಸ ಕುಸಿಯಿತು. ಚರ್ಚಿಸಿದವನು ಹೋದರೂ ಕೆಲಸ ಸಾಗಿತು. ಸುಮ್ಮನಿದ್ದವನ ಸಂಘದಲ್ಲಿ ಮೊದಲಿನಿಂದಲೂ ಕೆಲಸ ಹೆಚ್ಚೇನೂ ಆಗಲಿಲ್ಲ. ಮೂರನೆಯವನನ್ನು ಮರೆಯಬಾರದು. ಮಕ್ಕಳನ್ನು ಒಂದೆಡೆ ಕೂಡಿಹಾಕಿ ತಾನು ಪತ್ರಿಕೆ ಓದುತ್ತ ಕೂರುವುದು ಸ್ವಾತಂತ್ರ್ಯ ಕೊಟ್ಟಂತಲ್ಲ. ಅಲ್ಲಿ ಬಲಿಷ್ಠನ ರಾಜ್ಯವಾಗುತ್ತದೆ, ಮೆತ್ತನೆಯ ಮಗು ಇನ್ನಷ್ಟು ಮೆತ್ತಗಾಗುತ್ತದೆ.

ಆದುದರಿಂದ ಜಗಳ ಹುಟ್ಟಿದಾಗ ಹಿರಿಯನು ತೀರ್ಪು ಕೊಡಬಾರದು, ಎದ್ದೂ ಹೋಗಬಾರದು. ‘ಅವನು ಹೇಳಿದ್ದೇನು, ಒಮ್ಮೆ ನೀನೇ ಹೇಳು’ ಎಂದು ಒಬ್ಬನನ್ನು ಕೇಳಿ, ಬಳಿಕ ಇನ್ನೊಬ್ಬನನ್ನೂ ಹಾಗೆಯೇ ಕೇಳಿ, ಮೌನವಾಗಿರಬೇಕು. ಆ ಮೌನವನ್ನು ಸಹಿಸುವುದು ನಮ್ಮಂಥ ಅಧ್ಯಾಪಕರಿಗೆ ಬಹಳ ಕಷ್ಟ. ಸ್ಪರ್ಧೆ, ಬಹುಮಾನ, ವೇದಿಕೆಗಳ ಹುಚ್ಚನ್ನೂ ಈ ಕೂಟಗಳಿಂದ ದೂರವಿಡುವುದು ಮೇಲು. ಅವಕ್ಕೆ ನಮ್ಮ ಊರಿನಲ್ಲಿ ಬರವಿಲ್ಲ. ಮಿತಭಾಷಿಯಾದ ಮಗುವನ್ನು ವಾಚಾಳಿಯಾಗಿಸುವುದೂ ಗುರಿಯಲ್ಲ. ಒಬ್ಬನೇ ಗೆಳೆಯನೊಡನೆ ಸುಖವಾಗಿರುವ ಮಗುವಿಗೆ ಯಾವ ಕೊರತೆಯೂ ಇಲ್ಲ. ಬೆರೆಯಬೇಕೆಂಬ ಆಸೆಯಿದ್ದೂ ಬಾಗಿಲ ಬಳಿಯೇ ನಿಲ್ಲುವ ಮಗುವಿಗಾಗಿ ಈ ಏರ್ಪಾಡು. ಮಾತು ತೀರ ತಡವಾಗಿ ಬಂದಿದ್ದರೆ, ಇತರರ ಮುಖಭಾವವನ್ನು ಗ್ರಹಿಸುವುದೇ ಮಗುವಿಗೆ ದುಸ್ತರವಾಗಿದ್ದರೆ, ತಜ್ಞರ ಸಲಹೆಯನ್ನು ಮೊದಲು ಪಡೆಯಬೇಕು. ಅಂಥ ಮಕ್ಕಳಿಗೂ ಸಣ್ಣ ಕೂಟ ಒದಗೀತು, ಆದರೆ ಅದನ್ನು ನಡೆಸುವವರಿಗೆ ತರಬೇತಿ ಬೇಕು.

ಉಳಿದವರಿಗೆ ಹೆಚ್ಚಿನ ಸಲಕರಣೆಯ ಅಗತ್ಯವಿಲ್ಲ. ಒಂದೇ ಕಟ್ಟಡದ ಮೂರು ನಾಲ್ಕು ಮನೆಗಳು ಮಾತನಾಡಿಕೊಂಡರೆ ಸಾಕು. ಮಕ್ಕಳು ಐವರು, ಅವರಲ್ಲಿ ಒಬ್ಬಿಬ್ಬರು ಚಿಕ್ಕವರು. ದಿನ ಮತ್ತು ಹೊತ್ತು ನಿಶ್ಚಿತವಾಗಿರಲಿ. ಭಾನುವಾರ ಸಂಜೆಯ ಒಂದು ಗಂಟೆ ಧಾರಾಳವಾಯಿತು. ಗಾಳಿಪಟ ಮಾಡಲಿ, ಸಣ್ಣದೊಂದು ಪ್ರಸಂಗ ಆಡಲಿ, ಅವಲಕ್ಕಿ ಕಲಸಲಿ. ಕಾಗದ ಬೇಕಾದಷ್ಟಿರಲಿ. ಕತ್ತರಿ ಮಾತ್ರ ಐವರಿಗೆ ಒಂದೇ ಇರಲಿ.