ಟಿಕೆಟ್ ಹಣ ಯಾರ ಲೆಕ್ಕಕ್ಕೆ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ: ಈ ನಾಲ್ಕೂ ತಾಲ್ಲೂಕುಗಳಿಗೆ ಸಮುದ್ರ ದೂರ. ಕೂಲಿಗಾಗಿ ಊರು ಬಿಟ್ಟ ಇಲ್ಲಿನ ಜನಕ್ಕೆ ಹಡಗು ಹತ್ತುವ ಪ್ರಮೇಯವೂ ಅಷ್ಟಾಗಿ ಬರಲಿಲ್ಲ. ಪಿರಿಯಾಪಟ್ಟಣದ ಗಡಿ ದಾಟಿದರೆ ಕೊಡಗು, ಕೋಟೆಯ ಕಾಡು ದಾಟಿದರೆ ವಯನಾಡು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ತೆರೆದ ಮೇಲೆ ಈ ಎರಡೂ ಕಡೆಯ ತೋಟಗಳಿಗೆ ಮೈಸೂರು ಸೀಮೆಯಿಂದ ಆಳುಗಳು ಹೋಗತೊಡಗಿದರು. ಹೋಗುವ ಮುಂಚೆ ಮೇಸ್ತ್ರಿ ಮುಂಗಡ ಕೊಡುತ್ತಿದ್ದ. ದಾರಿಯ ಖರ್ಚು, ಮನೆಯಲ್ಲಿ ಉಳಿದವರ ರಾಗಿ, ಹಳೇ ಸಾಲ ಎಲ್ಲವೂ ಅದರಲ್ಲೇ ಮುಗಿಯಬೇಕು. ಮುಂಗಡ ತೀರುವವರೆಗೆ ಲೈನ್ ಮನೆ ಬಿಡುವಂತಿಲ್ಲ. ದುಡಿಯಲು ಹೋಗುವವನ ಪ್ರಯಾಣದ ಖರ್ಚನ್ನು ಬೇರೆಯವರು ಕೊಟ್ಟಾಗ ಏನಾಗುತ್ತದೆ ಎನ್ನುವುದಕ್ಕೆ ಮೇಸ್ತ್ರಿಯ ಕೈಪುಸ್ತಕ ಸಾಕ್ಷಿ ಹೇಳುವುದು ಕಡಿಮೆ. ಆದರೆ ಅದೇ ಕಾಲದಲ್ಲಿ ಉಗಿಹಡಗುಗಳಲ್ಲಿ ಸಿಂಹಳಕ್ಕೆ, ಮಲಯಾಕ್ಕೆ, ನಟಾಲಿಗೆ, ಫಿಜಿಗೆ ಹೋದ ಲಕ್ಷಾಂತರ ಜನರ ಲೆಕ್ಕ ಸರ್ಕಾರಿ ಕಡತಗಳಲ್ಲಿದೆ. ನಟಾಲಿನ ಹಡಗುಪಟ್ಟಿಗಳಲ್ಲಿ ಮೈಸೂರು, ಬೆಂಗಳೂರು ಎಂಬ ಹೆಸರುಗಳೂ ಅಲ್ಲಲ್ಲಿ ಸಿಗುತ್ತವೆ. ಆ ಲೆಕ್ಕ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಟಿಕೆಟ್ಟಿನ ದರ ಎಷ್ಟು ಇಳಿಯಿತು ಎಂಬುದರಿಂದ ವಲಸಿಗನ ಹಣೆಬರಹ ತೀರ್ಮಾನವಾಗಲಿಲ್ಲ. ಆ ಹಣವನ್ನು ಯಾರ ಲೆಕ್ಕಕ್ಕೆ ಬರೆದರು ಎಂಬುದರಿಂದ ತೀರ್ಮಾನವಾಯಿತು.

ಸಿಂಹಳವನ್ನೇ ಮೊದಲು ನೋಡೋಣ. ಕಾಫಿಯ ಕಾಲದಲ್ಲಿ ದಕ್ಷಿಣದ ಕೂಲಿಗಳು ದೋಣಿಯಲ್ಲಿ ಮನ್ನಾರ್ ಮುಟ್ಟಿ ಅಲ್ಲಿಂದ ಕಾಡುದಾರಿಯಲ್ಲಿ ಕ್ಯಾಂಡಿಗೆ ನಡೆಯುತ್ತಿದ್ದರು. ಎಷ್ಟೋ ಮಂದಿ ದಾರಿಯಲ್ಲೇ ಸತ್ತರು. ಆಮೇಲೆ ತೂತ್ತುಕುಡಿಯಿಂದ ಕೊಲಂಬೊಗೆ ಹಡಗು ಬಂತು, 1914ರಲ್ಲಿ ಧನುಷ್ಕೋಟಿಯಿಂದ ತಲೈಮನ್ನಾರಿಗೆ ರೈಲಿಗೆ ಹೊಂದಿಕೊಂಡ ಉಗಿಹಡಗು ಬಂತು. ಅಷ್ಟರಲ್ಲಾಗಲೇ ತೋಟದ ಮಾಲೀಕರು 1904ರಲ್ಲಿ ತಿರುಚ್ಚಿಯಲ್ಲಿ ಲೇಬರ್ ಕಮಿಷನ್ ಕಚೇರಿ ತೆರೆದಿದ್ದರು, ತಗಡಿನ ಬಿಲ್ಲೆಯ ಪದ್ಧತಿಯೂ ರೂಢಿಗೆ ಬಂದಿತ್ತು. ತೋಟದ ಗುರುತು ಒತ್ತಿದ ಪುಟ್ಟ ಬಿಲ್ಲೆ. ದಾರ ಪೋಣಿಸಿ ಕೊರಳಿಗೆ ಕಟ್ಟಿಕೊಂಡರೆ ಆಯಿತು. ಕೈಯಲ್ಲಿ ಕಾಸಿಲ್ಲದವನೂ ಅದನ್ನು ತೋರಿಸಿ ರೈಲು ಹತ್ತಬಹುದು, ಹಡಗು ಹತ್ತಬಹುದು, ದಾರಿಯಲ್ಲಿ ಊಟ ಮಾಡಬಹುದು. ಓದುಬರಹ ಬಾರದವನಿಗೆ ಇದಕ್ಕಿಂತ ಸುಲಭದ ಏರ್ಪಾಡು ಬೇಕೆ? ವ್ಯವಸ್ಥೆಯ ಜಾಣತನವನ್ನು ಮೆಚ್ಚಲೇಬೇಕು. ಆದರೆ ಖರ್ಚು ಮೊದಲು ತೋಟದ ಲೆಕ್ಕಕ್ಕೆ, ತೋಟದಿಂದ ಕಂಗಾಣಿ ಎಂಬ ಮೇಸ್ತ್ರಿಯ ಲೆಕ್ಕಕ್ಕೆ, ಕಂಗಾಣಿಯಿಂದ ಕೂಲಿಯ ಲೆಕ್ಕಕ್ಕೆ ಇಳಿಯುತ್ತಿತ್ತು. ಇಳಿಯುವಾಗ ದಪ್ಪವೂ ಆಗುತ್ತಿತ್ತು. ಸಾಲವಿದ್ದವನು ತೋಟ ಬದಲಿಸಬೇಕಾದರೆ 'ತುಂಡು' ಚೀಟಿ ಬೇಕು. ಇಷ್ಟು ಬಾಕಿ ಕೊಟ್ಟರೆ ಈ ಆಳನ್ನು ಬಿಡುತ್ತೇನೆ ಎಂದು ತೋಟದ ದೊರೆ ಬರೆದುಕೊಡುವ ಕಾಗದ ಅದು. ಹೊಸ ತೋಟದವನು ಆ ಬಾಕಿ ಕೊಟ್ಟು ಆಳನ್ನು ತರುತ್ತಿದ್ದ, ಬಾಕಿ ಮತ್ತೆ ಆಳಿನ ತಲೆಗೇ. ಈ ಚೀಟಿಯನ್ನು ಕಾನೂನು ನಿಲ್ಲಿಸಿದ್ದು 1921ರಲ್ಲಿ.

ಮಲಯಾದಲ್ಲಿ ಲೆಕ್ಕ ಬೇರೆ ಥರ ಬರೆದರು. ರಬ್ಬರ್ ತೋಟಗಳಿಗೆ ಜನ ಸಾಲದೆ, ಒಬ್ಬ ಖರ್ಚು ಮಾಡಿ ಕರೆತಂದ ಆಳನ್ನು ಪಕ್ಕದ ತೋಟದವನು ಎಳೆದುಕೊಳ್ಳುವ ಜಗಳ ಹೆಚ್ಚಾದಾಗ 1907ರಲ್ಲಿ ವಲಸೆ ನಿಧಿ ಸ್ಥಾಪನೆಯಾಯಿತು. ಭಾರತೀಯರನ್ನು ದುಡಿಸುವ ಪ್ರತಿಯೊಬ್ಬ ಮಾಲೀಕನೂ ಅದಕ್ಕೆ ತೆರಿಗೆ ಕಟ್ಟಬೇಕು. ಮದರಾಸು, ನಾಗಪಟ್ಟಣದಿಂದ ಬರುವವರ ಹಡಗಿನ ಚಾರ್ಜು ನಿಧಿಯಿಂದ. ಬಂದವನ ಹೆಸರಿನಲ್ಲಿ ಸಾಲ ಬರೆಯುವಂತಿಲ್ಲ. 1910ರಲ್ಲಿ ಅಲ್ಲಿ ಭಾರತೀಯರ ಕರಾರು ಕೂಲಿಯೂ ಕೊನೆಗೊಂಡಿತು, ಒಂದು ತಿಂಗಳ ನೋಟಿಸು ಕೊಟ್ಟರೆ ಆಳು ತೋಟ ಬಿಡಬಹುದಾಯಿತು. ಹಡಗು ಹಿಂದಿನದೇ, ಡೆಕ್ಕಿನ ಇಕ್ಕಟ್ಟೂ ಹಿಂದಿನದೇ. ಇಲ್ಲಿ ಅರ್ಥಶಾಸ್ತ್ರ ಬಲ್ಲವರು ಒಂದು ಆಕ್ಷೇಪ ಎತ್ತಬಹುದು: ತೆರಿಗೆ ಕಟ್ಟಿದ ಮಾಲೀಕ ಅಷ್ಟನ್ನೂ ಕೂಲಿಯಲ್ಲಿ ಮುರಿದುಕೊಳ್ಳುವುದಿಲ್ಲವೇ, ಕೊನೆಗೆ ಕೊಟ್ಟವನು ಆಳೇ ಅಲ್ಲವೇ? ಇರಬಹುದು. ಕೂಲಿ ಕಡಿಮೆ ಕೊಡಲು ಮಾಲೀಕರು ಮಲಯಾದಲ್ಲಿ ಹಿಂಜರಿದದ್ದೇನೂ ಕಾಣುವುದಿಲ್ಲ. ಆದರೆ ಕಡಿಮೆ ಕೂಲಿಯನ್ನು ಬಿಟ್ಟು ಇನ್ನೊಂದು ತೋಟಕ್ಕೆ ಹೋಗಬಹುದು, ಸಾಲವನ್ನು ಬಿಟ್ಟು ಹೋಗಲಾಗದು. ಭಾರತ ಸರ್ಕಾರಕ್ಕೂ ಈ ವ್ಯತ್ಯಾಸ ಅರ್ಥವಾಯಿತೆಂದು ಕಾಣುತ್ತದೆ. 1922ರ ವಲಸೆ ಕಾಯ್ದೆಯ ನಂತರ ಸಿಂಹಳದ ತೋಟದವರೂ ಸಾಮಾನ್ಯ ನಿಧಿ ಕಟ್ಟಬೇಕಾಯಿತು, ಕರೆತಂದ ಖರ್ಚನ್ನು ಆಳಿನಿಂದ ವಸೂಲು ಮಾಡುವುದು ನಿಂತಿತು.

ಹಣ ಕೊಡುವವನ ಇಷ್ಟದಂತೆ ಹಡಗಿನ ದಿಕ್ಕೂ ಬದಲಾಗುತ್ತದೆ. ದಕ್ಷಿಣ ಆಫ್ರಿಕದ ನಟಾಲಿನ ಕಥೆ ಇದಕ್ಕೆ ತಕ್ಕ ಉದಾಹರಣೆ. ಮದರಾಸಿನಿಂದ ಹೊರಟ 'ಟ್ರೂರೊ' ಹಡಗು 1860ರ ನವೆಂಬರಿನಲ್ಲಿ ಡರ್ಬನ್ ತಲುಪಿದಾಗ ಕಬ್ಬಿನ ಗದ್ದೆಗಳಿಗೆ ಜನ ಬೇಕಿತ್ತು, ಬರುವ ಖರ್ಚು ಆಳಿನ ಮೈಮೇಲೆ ಬೀಳಲಿಲ್ಲ. ಕರಾರು ಮುಗಿಸಿದವರು ಅಲ್ಲೇ ನೆಲೆಸಿ ತರಕಾರಿ ಬೆಳೆದು ವ್ಯಾಪಾರ ಹಿಡಿದಾಗ ಬಿಳಿಯರಿಗೆ ಇರಿಸುಮುರಿಸಾಯಿತು. 1895ರ ಕಾನೂನು ಹಿಂದಿರುಗದೆ ಉಳಿಯುವವರ ಮೇಲೆ ಮೂರು ಪೌಂಡಿನ ವಾರ್ಷಿಕ ತೆರಿಗೆ ಹೇರಿತು. ಗಾಂಧೀಜಿಯ ಹೋರಾಟದ ನಂತರ 1914ರಲ್ಲಿ ಆ ತೆರಿಗೆ ಹೋಯಿತು. ಅದೇ ಕಾನೂನಿನಲ್ಲಿ, ಅಲ್ಲಿ ವಾಸಿಸುವ ಹಕ್ಕು ಬಿಟ್ಟುಕೊಡುವವರಿಗೆ ಭಾರತಕ್ಕೆ ಉಚಿತ ಪ್ರಯಾಣ ಎಂದೂ ಬರೆಯಲಾಯಿತು. 1927ರ ಕೇಪ್‌ಟೌನ್ ಒಪ್ಪಂದ ಇನ್ನೂ ಮುಂದೆ ಹೋಗಿ ಉಚಿತ ಟಿಕೆಟ್ಟಿನ ಜೊತೆ ವಯಸ್ಕರಿಗೆ ತಲಾ ಇಪ್ಪತ್ತು ಪೌಂಡ್ ಕೊಟ್ಟು ಕಳಿಸಿತು. ಕೆನಡಾದವರು ಇಷ್ಟು ಖರ್ಚೂ ಮಾಡಲಿಲ್ಲ. ಹುಟ್ಟಿದ ದೇಶದಿಂದ ನೇರ ಟಿಕೆಟ್ಟಿನಲ್ಲಿ ಎಲ್ಲೂ ನಿಲ್ಲದೆ ಬಂದವರಿಗೆ ಮಾತ್ರ ಪ್ರವೇಶ ಎಂದು 1908ರಲ್ಲಿ ನಿಯಮ ಮಾಡಿದರು. ಅಂಥ ಟಿಕೆಟ್ಟು ಭಾರತೀಯರಿಗೆ ಸಿಗದಂತೆಯೂ ನೋಡಿಕೊಂಡರು. 1914ರಲ್ಲಿ ವ್ಯಾಂಕೂವರಿನಿಂದ ಹಿಂದಕ್ಕೆ ಅಟ್ಟಿಸಿಕೊಂಡ 'ಕೊಮಗಾಟ ಮಾರು' ಈ ನಿಯಮಕ್ಕೆ ಸಿಕ್ಕಿಬಿದ್ದ ಹಡಗು. ನಮ್ಮ ಕಣ್ಣೆದುರಿನ ಉದಾಹರಣೆ ಬೇಕೆಂದರೆ ಸಿಂಹಳದಿಂದ ವಾಪಸಾದವರು ನೆಲೆಸಿದ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿವೆ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಭಾರತ ಅಲ್ಲಿಂದ 5.25 ಲಕ್ಷ ಮಂದಿಯನ್ನು ವಾಪಸು ಕರೆಸಿಕೊಳ್ಳಲು ಒಪ್ಪಿತು. ಅಜ್ಜಂದಿರು ಚಹಾ ತೋಟಕ್ಕೆ ದಾಟಿದ ಆ ಕಿರಿದಾದ ಸಮುದ್ರವನ್ನೇ ಮೊಮ್ಮಕ್ಕಳು ಸರ್ಕಾರಗಳ ಒಪ್ಪಂದದ ಮೇಲೆ ತಿರುಗಿ ದಾಟಿದರು.

ಇದಕ್ಕೆಲ್ಲ ಗಟ್ಟಿಯಾದ ಎದುರುಮಾತೊಂದಿದೆ. ಬಡವನ ಕೈಯಲ್ಲಿ ಚಾರ್ಜಿಗೆ ಹಣವೇ ಇಲ್ಲ. ಸಾಲವೋ ಸೋಲವೋ, ಯಾರೋ ಟಿಕೆಟ್ಟು ಕೊಡದಿದ್ದರೆ ಅವನು ಊರಲ್ಲೇ ಹಸಿದು ಸಾಯುತ್ತಿರಲಿಲ್ಲವೇ? 1876–78ರ ಬರದ ಮುಂದೆ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50.5 ಲಕ್ಷ, 1881ರಲ್ಲಿ ಸುಮಾರು 41.9 ಲಕ್ಷ. ಅಂಥ ಹೊತ್ತಿನಲ್ಲಿ ಘಟ್ಟ ಹತ್ತಿದವರೂ ಹಡಗು ಹತ್ತಿದವರೂ ಬದುಕಲೆಂದೇ ಹತ್ತಿದರು, ಅವರನ್ನು ಮೋಸಹೋದ ಪೆದ್ದರೆಂದು ಬರೆಯುವುದು ತಪ್ಪು. ಆದರೆ ಈ ವಾದ ಟಿಕೆಟ್ಟು ಬೇಕಿತ್ತು ಎಂಬುದನ್ನು ಸಾಧಿಸುತ್ತದೆಯೇ ಹೊರತು ಅದು ಸಾಲವಾಗಿಯೇ ಬರಬೇಕಿತ್ತು ಎಂಬುದನ್ನಲ್ಲ. ಮಲಯಾದ ನಿಧಿ ಸಾಲ ಬರೆಯದೆಯೇ ಜನರನ್ನು ತಂದಿತು, ರಬ್ಬರ್ ತೋಟದವರು ಅದರಿಂದ ದಿವಾಳಿಯೇನೂ ಆಗಲಿಲ್ಲ. 1945ರ ನಂತರ ಆಸ್ಟ್ರೇಲಿಯ ಬ್ರಿಟನ್ನಿನವರನ್ನು ಹತ್ತು ಪೌಂಡಿಗೆ ಕರೆಸಿಕೊಂಡಾಗಲೂ ಷರತ್ತಿತ್ತು: ಎರಡು ವರ್ಷ ಇರಬೇಕು, ಇಲ್ಲದಿದ್ದರೆ ಪೂರ್ತಿ ಚಾರ್ಜು ಕೊಡಬೇಕು. ಎರಡು ವರ್ಷಕ್ಕೆ ಮುಗಿಯುವ ಷರತ್ತು ಬೇರೆ, ಮಗಳ ಮದುವೆಗೂ ಅಕ್ಕಿಗೂ ಬೆಳೆಯುತ್ತ ಹೋಗುವ ಕಂಗಾಣಿಯ ಬಾಕಿ ಬೇರೆ.

ಕೊಡಗು, ವಯನಾಡಿನ ಘಟ್ಟದ ದಾರಿಯಲ್ಲಿ ಮಲಯಾದಂಥ ನಿಧಿಯ ಮಾತು ಏಳಲಿಲ್ಲ, ಬದಲಿಗೆ ಪೊಲೀಸರಿದ್ದರು. 1859ರ ಕರಾರುಭಂಗ ಕಾಯ್ದೆಯಂತೆ ಮುಂಗಡ ತಿಂದು ಕೆಲಸ ಬಿಟ್ಟವನಿಗೆ ಮ್ಯಾಜಿಸ್ಟ್ರೇಟು ಕೆಲಸ ಮಾಡು ಇಲ್ಲವೇ ಹಣ ಕೊಡು ಎಂದು ಆಜ್ಞೆ ಮಾಡಬಹುದಿತ್ತು. ಮೀರಿದರೆ ಮೂರು ತಿಂಗಳವರೆಗೆ ಜೈಲು. ದಕ್ಷಿಣದ ಪ್ಲಾಂಟರುಗಳಿಗೆ ಇದು ಒಳ್ಳೆಯ ಆಯುಧವಾಗಿತ್ತು. ಅದು ರದ್ದಾದದ್ದು 1920ರ ದಶಕದಲ್ಲಿ. ಮಲಯಾದ ಲೆಕ್ಕಕ್ಕೆ ಹತ್ತಿರವಾದ ನಿಯಮ ನಮ್ಮಲ್ಲಿ ಬಂದದ್ದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ: ಗುತ್ತಿಗೆದಾರ ಕರೆದೊಯ್ದ ಕಾರ್ಮಿಕನಿಗೆ ಹೋಗುವ, ಬರುವ ಎರಡೂ ಚಾರ್ಜು ಕೊಡಬೇಕಿತ್ತು, ಪ್ರಯಾಣದ ದಿನಗಳ ಕೂಲಿಯನ್ನೂ ಕೊಡಬೇಕಿತ್ತು, ಊರು ಬಿಡಿಸಿದ್ದಕ್ಕೆ ಕೊಡುವ ಭತ್ಯೆಯನ್ನು ವಾಪಸು ಕೇಳುವಂತಿರಲಿಲ್ಲ. 2020ರ ಹೊಸ ಕಾರ್ಮಿಕ ಸಂಹಿತೆ ಈ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. 1979ರ ಕಾಯ್ದೆ ಬರೆದವರ ಮನಸ್ಸಿನಲ್ಲಿ ಇದ್ದದ್ದು ರಾಜ್ಯದ ಗಡಿ. ಎಚ್.ಡಿ. ಕೋಟೆಯಿಂದ ಬಾವಲಿ ದಾಟಿ ವಯನಾಡಿಗೆ ಗುತ್ತಿಗೆದಾರ ಕರೆದೊಯ್ದವನು ಆ ಕಾಯ್ದೆಯ ಲೆಕ್ಕಕ್ಕೆ ಬರುತ್ತಿದ್ದ. ಪಿರಿಯಾಪಟ್ಟಣದಿಂದ ಕುಶಾಲನಗರ ದಾಟಿ ಕೊಡಗಿನ ತೋಟಕ್ಕೆ ಕಾಫಿ ಕೊಯ್ಲಿಗೆ ಹೋದವನು ಬರುತ್ತಿರಲಿಲ್ಲ, ಏಕೆಂದರೆ 1956ರ ನವೆಂಬರ್ 1ರಿಂದ ಕೊಡಗು ನಮ್ಮದೇ ರಾಜ್ಯ.