ಗೀರಿನಲ್ಲಿ ಉಳಿದ ಹಾಡು

ಬಾಯಿಂದ ಬಾಯಿಗೆ ಸಾಗುವ ಹಾಡು ಬದಲಾಗುತ್ತಲೇ ಇರುತ್ತದೆ. ಮುದ್ರಿತವಾದ ಧ್ವನಿ ಬದಲಾಗುವುದಿಲ್ಲ. ಆದುದರಿಂದ ಬೇರೆ ಬೇರೆ ಕಾಲದ ಧ್ವನಿಮುದ್ರಿಕೆಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ಕೇಳಿದರೆ, ಒಂದು ನಾಡಿನ ಬಾಳು ಹೇಗೆ ಮಾರ್ಪಟ್ಟಿತೆಂಬುದನ್ನು ಅರಿಯಬಹುದು. ಅಮೆರಿಕ ಸಂಯುಕ್ತ ಸಂಸ್ಥಾನಗಳ ಜನಪದ ಗೀತ ಸಂಗ್ರಹಗಳು ಇದಕ್ಕೆ ಒಳ್ಳೆಯ ನಿದರ್ಶನ.

ಮೊದಲು ಧ್ವನಿಮುದ್ರಣದ ತತ್ತ್ವವನ್ನು ನೋಡೋಣ. ಶಬ್ದವೆಂದರೆ ಗಾಳಿಯ ಒತ್ತಡದಲ್ಲಿ ಉಂಟಾಗುವ ಏರಿಳಿತ. ೧೮೭೭ರಲ್ಲಿ ಎಡಿಸನ್ನರು ನಿರ್ಮಿಸಿದ ಫೋನೋಗ್ರಾಫಿನಲ್ಲಿ ಈ ಏರಿಳಿತಕ್ಕೆ ತಕ್ಕಂತೆ ತೆಳುವಾದ ಪೊರೆಯೊಂದು ಕಂಪಿಸುತ್ತದೆ; ಅದಕ್ಕೆ ಸೇರಿದ ಸೂಜಿಯು ತಿರುಗುವ ಉರುಳೆಯ ಮೇಲೆ ಆಳ ಹೆಚ್ಚುಕಡಿಮೆಯಾಗುವ ಗೀರನ್ನು ಮೂಡಿಸುತ್ತದೆ. ಆ ಗೀರಿನಲ್ಲಿ ಸೂಜಿ ಮತ್ತೆ ಸಾಗಿದಾಗ ಪೊರೆ ಕಂಪಿಸಿ ಧ್ವನಿ ಮರಳಿ ಹೊಮ್ಮುತ್ತದೆ.

೧೮೯೦ರಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಎಂಬವರು ಮೇನ್ ಸಂಸ್ಥಾನದಲ್ಲಿ ಪಾಸಮಕ್ವಾಡಿ ಎಂಬ ಮೂಲನಿವಾಸಿಗಳ ಹಾಡು, ಕಥೆಗಳನ್ನು ಮೇಣದ ಉರುಳೆಗಳಲ್ಲಿ ಮುದ್ರಿಸಿದರು. ಒಂದು ಉರುಳೆ ಹಿಡಿಯುತ್ತಿದ್ದುದು ಎರಡು ಮೂರು ನಿಮಿಷಗಳ ಧ್ವನಿಯನ್ನು ಮಾತ್ರ. ಪ್ರಯೋಗಶಾಲೆಯಲ್ಲಿ ನಾವು ಕಾಣುವಂತೆ, ಇಲ್ಲಿಯೂ ಉಪಕರಣದ ಮಿತಿ ಫಲಿತಾಂಶದ ಮೇಲೆ ತನ್ನ ಗುರುತನ್ನು ಬಿಟ್ಟಿತು: ಉದ್ದವಾದ ಹಾಡು ತುಂಡಾಯಿತು. ಸಂಗ್ರಾಹಕರ ಭಾವನೆಯೂ ಒಂದು ಮಿತಿಯೇ. ಅಳಿಯುತ್ತಿರುವ ಶುದ್ಧ ಪರಂಪರೆಯನ್ನು ಉಳಿಸುತ್ತಿದ್ದೇವೆಂದು ಅವರು ನಂಬಿದ್ದರು.

ಈ ನಂಬಿಕೆ ಎಷ್ಟು ಸರಿ? ಒಂದೇ ಹಾಡಿನ ಚರಿತ್ರೆಯನ್ನು ಪರೀಕ್ಷಿಸೋಣ. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದಲ್ಲಿ ೧೯೨೮ರಲ್ಲಿ ಜನಪದ ಗೀತ ಭಂಡಾರವೊಂದು ಸ್ಥಾಪಿತವಾಗಿತ್ತು. ಅದಕ್ಕಾಗಿ ೧೯೩೩ರಲ್ಲಿ ಜಾನ್ ಲೋಮ್ಯಾಕ್ಸ್ ಮತ್ತು ಅವರ ಮಗ ಅಲನ್, ಸುಮಾರು ೩೧೫ ಪೌಂಡು ತೂಕದ ಮುದ್ರಣಯಂತ್ರವನ್ನು ಕಾರಿನಲ್ಲಿ ಹೇರಿಕೊಂಡು ದಕ್ಷಿಣದ ಸೆರೆಮನೆಗಳಲ್ಲಿ ಸಂಚರಿಸಿದರು. ರೇಡಿಯೋ ಸೋಕದ ಹಾಡು ಅಲ್ಲಿ ದೊರೆಯುವುದೆಂಬುದು ಅವರ ಊಹೆ. ಲೂಯಿಸಿಯಾನದ ಸೆರೆಮನೆಯಲ್ಲಿ ಆಫ್ರಿಕಾ ಮೂಲದ ಗಾಯಕ ‘ಲೆಡ್ ಬೆಲಿ’ ಅವರಿಗಾಗಿ ‘ಐರೀನ್’ ಹಾಡನ್ನು ಹಾಡಿದರು. ಅವರು ಅದನ್ನು ಬಂಧುಗಳಿಂದ ಕಲಿತಿದ್ದರು. ಆದರೆ ಅದರ ಮೂಲ, ೧೮೮೬ರಲ್ಲಿ ಗಸ್ಸಿ ಡೇವಿಸ್ ಅಚ್ಚುಮಾಡಿಸಿದ ನಗರದ ಗೀತೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ‘ಶುದ್ಧ’ವೆಂದು ಹಿಡಿದಿಟ್ಟದ್ದು ಆಗಲೇ ಊರೂರು ಅಲೆದು ಬಂದಿತ್ತು!

೧೯೪೯ರಲ್ಲಿ ಲೆಡ್ ಬೆಲಿ ತೀರಿಕೊಂಡರು. ಮರುವರ್ಷವೇ ‘ವೀವರ್ಸ್’ ಎಂಬ ಬಿಳಿಯ ಗಾಯಕರ ತಂಡ ಹಾಡಿದ ಅದೇ ಗೀತೆ ದೇಶದಲ್ಲೆಲ್ಲ ಮೊದಲ ಸ್ಥಾನಕ್ಕೇರಿತು. ಅದರ ಕೃತಿಸ್ವಾಮ್ಯದಲ್ಲಿ ಸಂಗ್ರಾಹಕ ಲೋಮ್ಯಾಕ್ಸರ ಹೆಸರೂ ಸೇರಿತ್ತು. ಹಾಡು ಯಾರದು ಎಂಬ ಪ್ರಶ್ನೆ ಹೀಗೆ ಎದುರಾಯಿತು.

ವರ್ಣಭೇದವೂ ಮುದ್ರಿಕೆಗಳಲ್ಲಿ ಕಾಣುತ್ತದೆ. ೧೯೨೦ರ ದಶಕದ ಕಂಪನಿಗಳು ಕಪ್ಪು ಜನರ ಮುದ್ರಿಕೆಗಳನ್ನೂ ಬಿಳಿಯ ಹಳ್ಳಿಗರ ಮುದ್ರಿಕೆಗಳನ್ನೂ ಬೇರೆ ಬೇರೆ ಪಟ್ಟಿಗಳಲ್ಲಿ ಮಾರುತ್ತಿದ್ದವು. ೧೯೫೨ರಲ್ಲಿ ಹ್ಯಾರಿ ಸ್ಮಿತ್ ಅಂತಹ ೮೪ ಹಳೆಯ ಮುದ್ರಿಕೆಗಳನ್ನು ಒಟ್ಟುಗೂಡಿಸಿ, ಗಾಯಕರ ಜನಾಂಗವನ್ನು ಸೂಚಿಸದೆ ಪ್ರಕಟಿಸಿದರು. ಕೇಳಿದವರು ಕೆಲವರ ಬಣ್ಣವನ್ನು ಊಹಿಸಲಾರದೆ ಹೋದರು. ಪಟ್ಟಿ ಎಳೆದಿದ್ದ ಗೆರೆ ಸಂಗೀತದಲ್ಲಿ ಅಷ್ಟು ಸ್ಪಷ್ಟವಾಗಿರಲಿಲ್ಲ.

ಈ ಶತಮಾನದ ಆರಂಭದಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯ ಭೌತವಿಜ್ಞಾನಿ ಕಾರ್ಲ್ ಹೇಬರ್ ಮತ್ತು ಸಂಗಡಿಗರು, ಸೂಜಿ ಸೋಕಿಸದೆ ಗೀರಿನ ಚಿತ್ರ ತೆಗೆದು ಗಣಕದಿಂದ ಧ್ವನಿಯನ್ನು ಪಡೆಯುವ ವಿಧಾನವನ್ನು ಕಂಡುಹಿಡಿದರು. ಮೊದಮೊದಲು ಅವರು ಪರೀಕ್ಷಿಸಿದ್ದು ವೀವರ್ಸರ ಆ ಮುದ್ರಿಕೆಯನ್ನೇ. ಯಂತ್ರದ ಹೆಸರೂ ‘ಐರೀನ್’. ಸವೆದ ಉರುಳೆಗಳಿಗೂ ಈಗ ನಾಲಗೆ ಬಂದಿದೆ.

೧೯೭೯ರಲ್ಲಿ ಆರಂಭವಾದ ಯೋಜನೆಯೊಂದು ಮೂಲನಿವಾಸಿಗಳ ಮುದ್ರಿಕೆಗಳ ಪ್ರತಿಗಳನ್ನು ಆಯಾ ಸಮುದಾಯಗಳಿಗೆ ಹಿಂದಿರುಗಿಸತೊಡಗಿತು. ಅಳಿದುಹೋಗುವರೆಂದು ಎಣಿಸಿದ್ದ ಪಾಸಮಕ್ವಾಡಿ ಜನ ಇಂದು ತಮ್ಮ ಹಿರಿಯರ ಧ್ವನಿಯನ್ನು ಕೇಳಿ ಮರೆತ ಹಾಡುಗಳನ್ನು ಕಲಿಯುತ್ತಿದ್ದಾರೆ. ಬದಲಾಗದ ಗೀರಿನಿಂದ ಹೊರಟ ಹಾಡು ಮತ್ತೆ ಬಾಯಿಂದ ಬಾಯಿಗೆ ಸಾಗತೊಡಗಿದೆ.